ಸ್ವೆಟರಕ್ಕನ ಹಾಲಿನ ತಟ್ಟೆ

ಬೆಳಕು ಹರಿಯುವ ಮೊದಲೇ ಸೆಖೆ. ಬೀದಿಯಲ್ಲಿ ಜನ ಪತ್ರಿಕೆ ಮಡಚಿ ಗಾಳಿ ಬೀಸಿಕೊಳ್ಳುತ್ತಿದ್ದಾರೆ. ಪ್ರಯೋಗಾಲಯದ ಈ ಸಹಾಯಕಿ ಮಾತ್ರ ದಪ್ಪ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಿದ್ದಾರೆ. ಇದು ಶೀತಕೋಣೆಗೆ ಹೋಗುವ ವೇಷ. ಇಲ್ಲಿ ಎಲ್ಲರಿಗೂ ಅವರು ಸ್ವೆಟರಕ್ಕ.

ದೂರದ ಹಿಮಬೆಟ್ಟದ ಮಣ್ಣನ್ನು ನೀರಲ್ಲಿ ಕದಡಿ, ಹಾಲು ಬೆರೆಸಿದ ಲೋಳೆ ಎರೆದು ಗಟ್ಟಿ ಮಾಡಿದ ಗಾಜಿನ ತಟ್ಟೆಗಳಿಗೆ ಹಚ್ಚಿ, ಚಳಿಯಲ್ಲಿಡುವುದು ಅವರ ಕೆಲಸ. ಮಣ್ಣಿನ ಸೂಕ್ಷ್ಮಜೀವಿ ಹಾಲು ಕರಗಿಸುವ ಕಿಣ್ವ ಬಿಟ್ಟರೆ, ಬಿಳಿ ತಟ್ಟೆಯಲ್ಲಿ ಅದರ ಸುತ್ತ ತಿಳಿಯಾದ ವೃತ್ತ ಮೂಡುತ್ತದೆ. ಚಳಿಯಲ್ಲೂ ದುಡಿಯುವ ಅಂಥ ಕಿಣ್ವ ಸಿಕ್ಕರೆ ತಣ್ಣೀರಲ್ಲೇ ಬಟ್ಟೆಯ ಕಲೆ ಹೋಗುತ್ತದಂತೆ. ಇಷ್ಟು ವರ್ಷಗಳಲ್ಲಿ ಸಾವಿರಾರು ತಟ್ಟೆ ಎರೆದಿದ್ದಾರೆ.

"ಮನೇಲಿ ಕ್ರಿಮಿ ಸಾಯ್ಲಿ ಅಂತ ಹಾಲು ಕಾಯಿಸ್ತೀನಿ. ಇಲ್ಲಿ ಬದುಕ್ಲಿ ಅಂತ ಹಾಲು ಕೊಡ್ತೀನಿ. ನನಗೇ ಅರ್ಥ ಆಗಲ್ಲ."

ಲಾಂಡ್ರಿಯಲ್ಲಿ ದಿನವಿಡೀ ನೀರು ಕುದಿಸುವ ಗಂಡನಿಗಂತೂ ಇದು ಕಿವಿ ಮೇಲೆ ಹೂವಿಡುವ ಮಾತು. "ಮಣ್ಣು ಹೋಗ್ಲಿ ಅಂತ ನಾನು ಒಗೀತೀನಿ, ನೀನು ಮಣ್ಣಿಂದಾನೇ ಒಗೆಸ್ತೀಯಾ?" ಎಂದು ಕಾಲೆಳೆಯುತ್ತಾರಂತೆ. ನಿಜ ಹೇಳಬೇಕೆಂದರೆ, ಅವರ ಕೆಲಸದ ಬಗ್ಗೆ ಬರೆಯಲು ಬಂದ ನನ್ನ ತಲೆಯೂ ಗಿರ್ರೆನ್ನುತ್ತಿದೆ.

ಅಕ್ಕನನ್ನು ಈಗ ಕಾಡುತ್ತಿರುವ ಗೊಂದಲ ಬೇರೆ. ಕಳೆದ ತಿಂಗಳು ಒಂದು ತಟ್ಟೆಯಲ್ಲಿ ವೃತ್ತ ಕಂಡಂತಾಯಿತು. ಹೊರಗೆ ತಂದರೆ ಮುಚ್ಚಳಕ್ಕೆ ಮಂಜು ಕಟ್ಟಿತು. ಕನ್ನಡಕಕ್ಕೆ ಮಾಡುವಂತೆ ಬಾಯಿಂದ ಊದಿ ಒರೆಸಿ, ಚೆನ್ನಾಗಿ ಕಾಣಲೆಂದು ಕಿಟಕಿಯ ಬಿಸಿಲಿಗಿಟ್ಟು, ವಿಜ್ಞಾನಿ ಮೇಡಂ ಅವರನ್ನು ಕರೆಯಲು ಓಡಿದರು. ಮೇಡಂ ಮೀಟಿಂಗ್ ಮುಗಿಸಿ ಬರುವಷ್ಟರಲ್ಲಿ ಮುಚ್ಚಳದ ನೀರು ತೊಟ್ಟಿಕ್ಕಿ ತಟ್ಟೆಯೆಲ್ಲ ಕಲಸಿಹೋಗಿತ್ತು. ಚಳಿಯ ಜೀವಿ ಬಿಸಿಲಿಗೆ ಸತ್ತೂ ಹೋಗಿತ್ತು.

"ಬೈದಿದ್ರೆ ಸಮಾಧಾನ ಆಗ್ತಿತ್ತು. ಮೇಡಂ ಏನೂ ಅನ್ಲಿಲ್ಲ. ನಾನು ಕಂಡಿದ್ದು ವೃತ್ತಾನೋ, ಬರೀ ನೀರಿನ ಹನೀನೋ? ಅನ್ನ ಕಲಸುವಾಗ್ಲೂ ಅದೇ ಯೋಚನೆ."

ಆ ಮಣ್ಣಿನಲ್ಲಿ ಉಳಿದಿದ್ದ ಒಂದೇ ಚಮಚವನ್ನು ಮತ್ತೆ ತಟ್ಟೆಗೆ ಹಚ್ಚಿದ್ದಾರೆ. ಬೆಟ್ಟದ ದಾರಿ ಹಿಮದಲ್ಲಿ ಮುಚ್ಚಿದೆ, ಸದ್ಯಕ್ಕೆ ಬೇರೆ ಮಣ್ಣು ಬರುವುದಿಲ್ಲ. ಇವತ್ತು ಅದನ್ನು ನೋಡುವ ದಿನ.

ಅವರ ಹಿಂದೆ ನಾನೂ ಒಳಹೋಗುತ್ತೇನೆ. ಹಲ್ಲು ಕಟಕಟ ಎನ್ನುತ್ತದೆ. "ಉಸಿರು ಹಿಡ್ಕೊಳ್ಳಿ, ಗಾಜಿಗೆ ತಾಗುತ್ತೆ," ಎನ್ನುತ್ತಾರೆ. ಟಾರ್ಚ್ ಹಚ್ಚಿ ತಟ್ಟೆ ಎತ್ತುತ್ತಾರೆ. ನನಗೆ ಎಲ್ಲ ಬಿಳಿಯೇ. ಅವರು ತಟ್ಟೆಯ ಹಿಂದೆ ಬೆರಳಿಟ್ಟು ನಿಧಾನವಾಗಿ ಸರಿಸುತ್ತಾರೆ. ಒಂದು ಕಡೆ ಬೆರಳು ನಿಲ್ಲುತ್ತದೆ. ಬಿಳಿಯ ನಡುವಿನ ತಿಳಿ ವೃತ್ತದಲ್ಲಿ ಬೆರಳ ತುದಿಯ ಗೆರೆಗಳೂ ಕಾಣುತ್ತಿವೆ.

ನನಗೇಕೆ ಕಣ್ಣು ತುಂಬಿತೋ ಗೊತ್ತಿಲ್ಲ, ಖುಷಿಯಂತೂ ಆಗಿದೆ.

ಹೊರಗೆ ಚಪ್ಪಲಿ ಸದ್ದು. "ಬಂತಾ? ತನ್ನಿ, ನೋಡೋಣ," ಎನ್ನುತ್ತಾರೆ ಮೇಡಂ.

ಅಕ್ಕ ತಟ್ಟೆಯನ್ನು ಅದರ ಜಾಗದಲ್ಲೇ ಇಡುತ್ತಾರೆ. ಸ್ವೆಟರ್ ಬಿಚ್ಚಿ, ಬಾಗಿಲ ಸಂದಿಯಿಂದ ಹೊರಗೆ ಚಾಚುತ್ತಾರೆ.

"ಇದನ್ನ ಹಾಕ್ಕೊಳ್ಳಿ ಮೇಡಂ. ಈ ಸಲ ನೀವೇ ಒಳಗೆ ಬರಬೇಕು."