ಕಂಬಳಿ ಕೊಳ್ಳದ ರೈಟರು

ಸಿದ್ದಾಪುರದಲ್ಲಿ ಬಸ್ಸಿಳಿದು, ಟ್ರಂಕು ಹೊತ್ತು, ಬಜಾರಿನ ಉದ್ದಕ್ಕೂ ನಡೆದೆ. ಒಬ್ಬ ಅಂಗಡಿಯವನೂ ನನ್ನನ್ನು ಕೂಗಲಿಲ್ಲ. ಮೈಸೂರಿನಲ್ಲಿ ಹೆಣದ ಹಿಂದೆ ಹೋಗುತ್ತಿರುವವನನ್ನೂ ‘ಬನ್ನಿ ಸ್ವಾಮಿ, ಸುಮ್ನೆ ನೋಡ್ಕೊಂಡು ಹೋಗಿ’ ಎಂದು ಕರೆಯುವವರಿದ್ದಾರೆ. ಇಲ್ಲಿಯವರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಮೋಡವನ್ನು ನೋಡಿದರು, ಎರಡರಲ್ಲಿ ಮೋಡವೇ ಹೆಚ್ಚಿನದೆಂದು ತೀರ್ಮಾನಿಸಿದರು. ನಾನು ಬದುಕಿದ್ದೇನೆಯೇ ಎಂದು ಮೊದಲ ಸಲ ಅನುಮಾನ ಬಂದದ್ದು ಆಗ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿತೆಂದು ಮೈಸೂರಿನಲ್ಲಿ ನೀವೆಲ್ಲ ಪತ್ರಿಕೆಯಲ್ಲಿ ಓದಿ ಸಂತೋಷಪಟ್ಟಿರಿ. ಸೇರಿದ್ದು ನಿಜ. ಆದರೆ ಈ ಮೈಸೂರಿನವನು ಕೊಡಗಿಗೆ ಸೇರಿದನೇ ಎಂಬ ಬಗ್ಗೆ ಸರ್ಕಾರ ಇನ್ನೂ ಆಜ್ಞೆ ಹೊರಡಿಸಿಲ್ಲ.

ನನ್ನ ಹುದ್ದೆಗೆ ಇಲ್ಲಿ ರೈಟರು ಎನ್ನುತ್ತಾರೆ. ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆದು, ಶನಿವಾರ ಬಟವಾಡೆ ಮಾಡುವ ಗುಮಾಸ್ತ. ಆಳುಗಳು ಇರುವ ಸಾಲುಮನೆಗಳು ಲೈನು. ಯಜಮಾನರು ಇರುವುದು ಬಂಗಲೆ. ಎರಡರ ನಡುವಿನ ದಿಬ್ಬದ ಮೇಲೆ ನನ್ನ ಒಂದು ಕೋಣೆಯ ಕ್ವಾರ್ಟರ್ಸು. ಲೈನಿನವರು ಅಲ್ಲಿಗೆ ಬರಲು ಅಂಜುತ್ತಾರೆ, ಬಂಗಲೆಯವರು ಬರಲು ಕಾರಣವಿಲ್ಲ. ನನ್ನನ್ನು ತಪ್ಪದೆ ವಿಚಾರಿಸಿಕೊಳ್ಳುವುದು ಜಿಗಣೆಗಳು ಮಾತ್ರ. ಊಟ ನಾನೇ ಬೇಯಿಸಿದ್ದು; ಅದರ ವಿಷಯದಲ್ಲಿ ಮೌನವೇ ಲೇಸು. ಇನ್ನು ಭಾಷೆ. ನಮ್ಮ ಮೇಸ್ತ್ರಿ ಕುಶಾಲಪ್ಪ ಮನೆಯಲ್ಲಿ ಅರೆಭಾಷೆ, ಆಳುಗಳೊಡನೆ ತಮಿಳು, ಅಂಗಡಿಯಲ್ಲಿ ಮಲೆಯಾಳ, ಯಜಮಾನರ ಮುಂದೆ ಕೊಡವ ತಕ್ಕ್, ನನ್ನೊಡನೆ ಕನ್ನಡ ಆಡುತ್ತಾನೆ. ನಾನು ಎಲ್ಲರೊಡನೆಯೂ ಮೈಸೂರು ಕನ್ನಡವನ್ನೇ ಸ್ವಲ್ಪ ಗಟ್ಟಿಯಾಗಿ ಆಡುತ್ತೇನೆ.

ಕಾಫಿ ಗಿಡಗಳ ಮೇಲೆ ಮರದ ನೆರಳು, ಅದರ ಮೇಲೆ ಮೋಡದ ನೆರಳು. ಇಂಥ ಮಧ್ಯಾಹ್ನಗಳಲ್ಲಿ ಹಾಜರಿ ಪುಸ್ತಕ ಮುಚ್ಚಿ ಕೂತರೆ ನನಗೆ ನೆನಪಾಗುವುದು ಅಪ್ಪ ಅಮ್ಮ ಅಲ್ಲ, ಮೈಸೂರಿನ ದೊಡ್ಡ ಮಾರ್ಕೆಟ್ಟು. ಹೈಸ್ಕೂಲಿನ ವರ್ಷಗಳಲ್ಲಿ ನನ್ನ, ಗೆಳೆಯ ಶ್ರೀಕಂಠನ ಮಧ್ಯಾಹ್ನಗಳೆಲ್ಲ ಕಳೆದದ್ದು ಅಲ್ಲಿ. ಹೊರಗೆ ಬೇಸಿಗೆ ಸುಡುತ್ತಿದ್ದರೂ ಆ ಉದ್ದನೆಯ ಮಾಡಿನ ಕೆಳಗೆ ತಂಪು. ಹೂವಿನ ಸಾಲು ದಾಟಿ ಕುಂಕುಮದ ಗೋಪುರಗಳು, ಅದರಾಚೆ ಬಾಳೆಗೊನೆ, ಆಮೇಲೆ ಪಾತ್ರೆ. ಜೇಬಿನಲ್ಲಿ ಕವಡೆಯೂ ಇಲ್ಲದ ನಾವು ಅಲ್ಲಿ ಮದುವೆಮನೆಗೆ ಹಂಡೆ ಗೊತ್ತುಮಾಡಿದ್ದೇವೆ, ಮಠಕ್ಕೆ ಗಂಟೆ ಗೊತ್ತುಮಾಡಿದ್ದೇವೆ. ಅತ್ತರಿನವರಲ್ಲಿ ಒಬ್ಬೊಬ್ಬರ ಹತ್ತಿರ ಒಂದೊಂದು ಬೆರಳಿಗೆ ಹಚ್ಚಿಸಿಕೊಂಡು ಮನೆಗೆ ಹೋದರೆ ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಸ್ನಾನಕ್ಕೆ ಕಳಿಸುತ್ತಿದ್ದಳು.

ಪಾತ್ರೆ ಅಂಗಡಿಯ ಮುದುಕ ನಮ್ಮನ್ನು ಕಂಡೊಡನೆ, “ಬಂದ್ರಪ್ಪಾ ಜಮೀನ್ದಾರ್ರು. ಇವತ್ತು ಯಾರ ಮದುವೆ?” ಎನ್ನುತ್ತಿದ್ದ.

“ನಿಮ್ಮ ಎರಡನೇ ಮದುವೆಗೇ ಸ್ವಾಮಿ, ಹಂಡೆ ನೋಡೋಣ ಅಂತ,” ಎಂದು ಶ್ರೀಕಂಠ.

“ಮೊದಲನೆಯವಳಿಗೆ ನೀನೇ ಹೇಳಿ ಬಾ. ಆಮೇಲೆ ಹಂಡೆ ಪುಕ್ಕಟೆ.”

ಚೌಕಾಸಿ ನಮಗೆ ವ್ಯಾಪಾರವಾಗಿರಲಿಲ್ಲ, ವಿದ್ಯೆಯಾಗಿತ್ತು. ಅರ್ಧಕ್ಕೆ ಕೇಳಬೇಕು, ಅವನು ನಗಬೇಕು, ನಾವು ಎದ್ದು ಹೋಗಬೇಕು, ಅವನು ಕರೆಯಬೇಕು, ನಾವು ಕೇಳಿಸದವರಂತೆ ಮುಂದಿನ ಅಂಗಡಿಗೆ ನಡೆಯಬೇಕು. ಯಾರಿಗೂ ನಷ್ಟವಿಲ್ಲ. ಅಲ್ಲಿ ನಾವು ಯಾರೂ ಆಗಿರಲಿಲ್ಲ. ಆ ಸುಖ ಏನೆಂದು ಇಲ್ಲಿ ‘ರೈಟರ್ ಸಾರ್’ ಆದಮೇಲೆ ತಿಳಿಯಿತು.

ಸಿದ್ದಾಪುರದಲ್ಲಿ ಭಾನುವಾರ ಸಂತೆ. ಆ ದಿನ ಎಸ್ಟೇಟುಗಳ ಲೈನುಗಳೆಲ್ಲ ಬಜಾರಿಗೆ ಇಳಿಯುತ್ತವೆ. ನಾನೂ ಇಳಿದೆ. ಒಣಮೀನಿನ ಸಾಲನ್ನು ಮೂಗು ಹಿಡಿದು ದಾಟಿ, ಅಲ್ಲಿ ಬಳೆ, ಇಲ್ಲಿ ಕೊಡೆ ಮುಟ್ಟಿ ನೋಡುತ್ತ ಅಡ್ಡಾಡಿದೆ. ಮೈಸೂರಿನ ಹತ್ತರಲ್ಲಿ ಒಂದು ಪಾಲೂ ಅಲ್ಲ. ಆದರೂ ವಾರವಿಡೀ ಕಾಯಲು ಒಂದು ಮಧ್ಯಾಹ್ನ ಸಿಕ್ಕಿತು. ಅದೊಂದು ಇಲ್ಲದಿದ್ದರೆ ನಾನು ರಾಜೀನಾಮೆ ಬರೆದಿಟ್ಟು ಬಸ್ಸು ಹತ್ತುತ್ತಿದ್ದೆ.

ಮುಂಗಾರಿಗೆ ಸ್ವಲ್ಪ ಮೊದಲು ಸಂತೆಯಲ್ಲಿ ಕಂಬಳಿ ಬರುತ್ತದೆ. ಮಳೆಯಲ್ಲಿ ಕೆಲಸ ಮಾಡುವವರು ಅದನ್ನು ಮೂಲೆ ಮಡಚಿ ತಲೆಯಿಂದ ಇಳಿಬಿಟ್ಟುಕೊಳ್ಳುತ್ತಾರೆ. ಅದಕ್ಕೆ ಕೊಪ್ಪೆ ಎನ್ನುತ್ತಾರೆ. ಕಂಬಳಿ ಮಾರುವವರು ಮೊಯ್ದು ಕಾಕ. ಕಾಕ ಎಂದರೆ ಮಲೆಯಾಳದವರ ಮಾತಿನಲ್ಲಿ ಹಿರಿಯ ಮುಸಲ್ಮಾನರನ್ನು ಕರೆಯುವ ಗೌರವದ ಮಾತು. ನನಗೆ ಕಂಬಳಿ ಬೇಡವಾಗಿತ್ತು. ಮನೆಯಲ್ಲಿದ್ದ ಒಂದರಿಂದಲೇ ಮೈ ತುರಿಸುತ್ತಿತ್ತು. ಆದರೆ ಕೈ ತಾನಾಗಿ ಕಂಬಳಿಯ ಅಂಚು ಹಿಡಿಯಿತು, ಬಾಯಿ ತಾನಾಗಿ ಅರ್ಧಕ್ಕೆ ಕೇಳಿತು.

ಕಾಕ ನಗಲಿಲ್ಲ. “ಅಷ್ಟಕ್ಕೆ ಆಗೋದಿಲ್ಲ ಸಾರ್. ಉಣ್ಣೆ ನೋಡಿ.”

ನಾನು ವಿದ್ಯೆಯ ಪ್ರಕಾರ ಬೆನ್ನು ತಿರುಗಿಸಿ ನಡೆದೆ. ನಾಲ್ಕು ಹೆಜ್ಜೆಗೆ ಹಿಂದಿನಿಂದ ದನಿ ಬಂತು, “ಆಯ್ಕೋಟ್ಟೆ, ಆಗಲಿ ಸಾರ್. ನಿಮಗಲ್ವಾ. ತಗೊಳ್ಳಿ.”

ಕೇಳಿಸದವನಂತೆ ಮುಂದೆ ಹೋಗುವುದು ಬಾಕಿಯಿತ್ತು. ಹೋಗಲು ಜಾಗವಿರಲಿಲ್ಲ. ನಮ್ಮ ಲೈನಿನ ಹೆಂಗಸರು ಅಷ್ಟೂ ಜನ ನನ್ನ ಬೆನ್ನ ಹಿಂದೆ ನಿಂತಿದ್ದರು. ಮುಂದಿದ್ದ ಮಾರಿಯಮ್ಮ ಕಾಕನ ಕಡೆ ಕೈ ಚಾಚಿ, “ರೈಟರಯ್ಯ ಹೇಳಿದ ರೇಟು. ನಂಗೆ ಎರಡು ಕೊಡು ಕಾಕ,” ಎಂದಳು.

“ಅದು ರೈಟರಿಗೆ ಅಮ್ಮಾ.”

“ರೈಟರಿಗೆ ಮಳೆ ಬೇರೆ, ನಮಗೆ ಮಳೆ ಬೇರೆಯಾ?”

ಕಾಕ ಎರಡು ಕಂಬಳಿ ಎತ್ತಿ ಅವಳ ಕೈಗಿಟ್ಟರು. ಸಂಜೆಯೊಳಗೆ ರಾಶಿ ಅದೇ ಅರ್ಧ ಬೆಲೆಗೆ ಕರಗಿತು. ನಾನು ಮಾತ್ರ ಕೊಳ್ಳಲಿಲ್ಲ.

ಮಾರನೆಯ ದಿನ ಕುಶಾಲಪ್ಪ ನನ್ನ ಮೇಜಿನ ಮುಂದೆ ನಿಂತು ತಲೆ ಕೆರೆದುಕೊಂಡ. “ಎಂತ ಸಾರ್ ನೀವು ಮಾಡಿದ್ದು? ಸಂಬಳ ಬರೆಯೋರು ನೀವು. ನೀವು ಬೇಡ ಅಂದ್ರೆ ಲೈನಿನವರು ಯಾರೂ ತನ್ನ ಹತ್ರ ಬರೋದಿಲ್ಲ ಅಂತ ಹೆದರಿ ಕೊಟ್ಟಿದ್ದು ಕಾಕ. ಮಳೆಗಾಲದ ವ್ಯಾಪಾರ ಎಲ್ಲ ಹೋಯ್ತು.”

“ನಾನು ಸುಮ್ಮನೆ ಕೇಳಿದ್ದಪ್ಪ. ತಮಾಷೆಗೆ.”

“ತಮಾಷೆಗೆ ಕಂಬಳಿ ಕೇಳ್ತಾರಾ ಸಾರ್?” ಅವನ ಮುಖದಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ.

ಮುಂದಿನ ಭಾನುವಾರ ಯಾರೂ ನನಗೆ ಬೆಲೆ ಹೇಳಲಿಲ್ಲ. ಬಳೆಯವಳು ತಟ್ಟೆಗೆ ಬಟ್ಟೆ ಮುಚ್ಚಿದಳು. ಕೊಡೆಯವನು, “ನಿಮಗೆ ರೇಟು ಯಾಕೆ ಸಾರ್, ಸುಮ್ನೆ ತಗೊಂಡು ಹೋಗಿ,” ಎಂದು ಎದ್ದು ನಿಂತ. ಕಾಕ ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವರು ಸ್ಟೂಲು ಹಾಕಿಸಿ, ಚಹಾ ತರಿಸಿ, ಬಹಳ ಮೃದುವಾಗಿ, “ನಿಮಗೆ ಬೇಕಾದ್ದು ಹೇಳಿ ಕಳಿಸಿ ಸಾರ್. ನಾವೇ ಕ್ವಾರ್ಟರ್ಸಿಗೆ ಮುಟ್ಟಿಸ್ತೇವೆ. ನೀವು ಈ ಕೆಸರಲ್ಲಿ ಬರೋದು ಬೇಡ,” ಎಂದರು. ಗಡೀಪಾರಿನ ಆಜ್ಞೆಯನ್ನು ಇಷ್ಟು ಮರ್ಯಾದೆಯಿಂದ ಯಾವ ಸರ್ಕಾರವೂ ಹೊರಡಿಸಿರಲಾರದು. ಈಗ ಅಕ್ಕಿ, ಸಕ್ಕರೆ, ಸೋಪು ಎಲ್ಲ ದಿಬ್ಬ ಹತ್ತಿ ಬರುತ್ತವೆ. ಭಾನುವಾರ ನಾನು ಕಿಟಕಿಯಲ್ಲಿ ಕೂತು, ಲೈನು ಸಂತೆಗೆ ಇಳಿಯುವುದನ್ನು ನೋಡುತ್ತೇನೆ.

ಮೊನ್ನೆ ರಜೆಯಲ್ಲಿ ಮೈಸೂರಿಗೆ ಬಂದಿದ್ದೆ. ನಿಮಗೆ ಯಾರಿಗೂ ತಿಳಿಸಲಿಲ್ಲ. ಶ್ರೀಕಂಠನಿಗೆ ಆಫೀಸು. ಒಬ್ಬನೇ ಮಾರ್ಕೆಟ್ಟಿಗೆ ಹೋಗಿ, ಬಾಳೆಹಣ್ಣಿನ ಸಾಲಿನಲ್ಲಿ ನಿಂತೆ. ಬೆಲೆ ಕೇಳುವ ಮೊದಲು ಬೆನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಕೇಳಿದೆ. ಅವನು ಹೇಳಿದ. ಅರ್ಧಕ್ಕೆ ಕೇಳಲು ನಾಲಗೆ ಏಳಲಿಲ್ಲ, ಹೇಳಿದಷ್ಟನ್ನೂ ತೆಗೆದುಕೊಟ್ಟೆ.

ಹಣ್ಣಿನವನು ಚಿಪ್ಪನ್ನು ಕೈಯಲ್ಲೇ ಹಿಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಯಾವೂರು ಸ್ವಾಮಿ?”

“ಇದೇ ಊರು.”

“ಹೋಗ್ಲಿ ಬಿಡಿ. ಇಲ್ಲಿಯೋರಾದ್ರೆ ಹೇಳಿದ್ದು ಕೊಟ್ಬಿಡ್ತಾರಾ?” ಎಂದು ಮತ್ತೆರಡು ಹಣ್ಣು ಮುರಿದು ಮೇಲಿಟ್ಟ. “ಪಾಪ, ಹೊಸಬರಿಗೆ ಮೋಸ ಮಾಡಬಾರ್ದು.”

ಆ ಎರಡನ್ನು ಬೇಡವೆನ್ನಲು ನನ್ನಲ್ಲಿ ಯಾವ ಊರಿನ ಅಧಿಕಾರವೂ ಇರಲಿಲ್ಲ. ವಾಪಸು ಬರುವಾಗ ಪಿರಿಯಾಪಟ್ಟಣದಲ್ಲಿ ಬಸ್ಸು ಬಹಳ ಹೊತ್ತು ನಿಂತಿತ್ತು. ಅದು ಮೈಸೂರೂ ಅಲ್ಲ, ಸಿದ್ದಾಪುರವೂ ಅಲ್ಲ. ಹಣ್ಣನ್ನು ಅಲ್ಲಿಯೇ ತಿಂದು ಮುಗಿಸಿದೆ.