ತಕರಾರು ಇದ್ದವರು ಹೇಳಿ

ನೋಟಿಸು ಹಚ್ಚಿದ್ದು ಮಂಗಳವಾರ ಎಂದು ನಾನು, ಗುರುವಾರ ಎಂದು ನನ್ನ ಗಂಡ. ಒಬ್ಬರ ನೆನಪು ಸುಳ್ಳು, ಅಥವಾ ಇಬ್ಬರದೂ. ಹಲಗೆಯಂತೂ ನಿಜ. ನೋಂದಣಿ ಕಚೇರಿಯ ಆ ಹಲಗೆಯ ಮೇಲೆ ನಮ್ಮಿಬ್ಬರ ಫೋಟೊ, ಹೆಸರು, ಪೂರ್ತಿ ವಿಳಾಸ. ನಾನು ಉಪ್ಪಿನಬೆಟಗೇರಿಯ ಲಿಂಗಾಯತರ ಹುಡುಗಿ, ಅವನು ಧಾರವಾಡದ ಕ್ರಿಶ್ಚಿಯನ್ನರ ಹುಡುಗ. ಇಬ್ಬರೂ ಧರ್ಮ ಬಿಡದೆ ಕಾನೂನಿನ ಪ್ರಕಾರ ಮದುವೆಯಾಗಬೇಕಿದ್ದರೆ ಮೂವತ್ತು ದಿನ ಆ ಕಾಗದ ಅಲ್ಲಿರಬೇಕು. ತಕರಾರು ಇದ್ದವರು ಬಂದು ಹೇಳಬಹುದು. ಅಷ್ಟರೊಳಗೆ ಮನೆಯವರಿಗೆ ತಿಳಿದರೆ ನನ್ನನ್ನು ಊರಿಗೆ ಎತ್ತಿಕೊಂಡು ಹೋಗಿ ಕೂಡಿಹಾಕುತ್ತಾರೆ. ಇದು ಊಹೆಯಲ್ಲ, ದೊಡ್ಡಪ್ಪನ ಮಗಳಿಗೆ ಹಾಗೇ ಆಗಿತ್ತು.

ವಿದ್ಯಾನಗರದ ಹಾಸ್ಟೆಲಿನಿಂದ ಕೆಲಸಕ್ಕೆ ದಿನಕ್ಕೊಂದು ದಾರಿ ಹಿಡಿಯುತ್ತಿದ್ದೆ. ಆಗಾಗ ಕಚೇರಿಗೆ ಹೋಗಿ ಹಲಗೆಯ ಮುಂದೆ ಯಾರು ನಿಂತಿದ್ದಾರೆಂದು ದೂರದಿಂದ ನೋಡುತ್ತಿದ್ದೆ. ನಮ್ಮ ಕಾಗದದ ಮೇಲೆ ಇನ್ನೊಂದು ಕಾಗದ ಹಚ್ಚುತ್ತೀರಾ ಎಂದು ಗುಮಾಸ್ತನನ್ನು ಕೇಳಿದ್ದೂ ಉಂಟು.

"ಹಲಗಿ ಇರೂದ ಓದಾಕ್ರೀ ಅಕ್ಕಾರ," ಎಂದ.

ಗುಟ್ಟು ಹೊರಬಿದ್ದದ್ದು ಹಲಗೆಯಿಂದಲ್ಲ, ನನ್ನ ಗಂಡನ ತಾಯಿಯಿಂದ. ಅವರ ಚರ್ಚಿನಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಜೋಡಿಯ ಹೆಸರು ಓದಿ, ತಕರಾರಿದ್ದರೆ ಹೇಳಿ ಎಂದು ಸಭೆಯನ್ನು ಕೇಳುವ ಪದ್ಧತಿಯಿದೆ. ನಮ್ಮದು ಚರ್ಚಿನ ಮದುವೆಯಲ್ಲ. ಆದರೂ ಮಗನ ಹೆಸರು ಓದಿಸದೆ ಮದುವೆ ಮಾಡುವುದು ಅವರಿಗೆ ಕಳ್ಳತನದಂತೆ ಕಂಡಿತು. ಸಭಾಪಾಲಕರನ್ನು ಬೇಡಿಕೊಂಡು, ಒಂದು ಭಾನುವಾರ ಪ್ರಾರ್ಥನೆಯ ನೆಪದಲ್ಲಿ ಇಬ್ಬರ ಹೆಸರೂ ಓದಿಸಿದರು.

"ದೇವರ ಮುಂದ ಹೇಳಿಸೇನಿ, ಊರ ಮುಂದ ಅಲ್ಲವ್ವಾ," ಎಂದರು. ಅವರ ಮುಖದಲ್ಲಿ ಸಂತೋಷವಿತ್ತು. ಸಭೆಯಲ್ಲಿ ಎಷ್ಟು ಜನರಿದ್ದರು ಎಂದು ಕೇಳಿದೆ.

ಬುಧವಾರದ ಹೊತ್ತಿಗೆ ಸುದ್ದಿ ದುರ್ಗದಬೈಲಿನ ಪೇಟೆಯಲ್ಲಿರುವ ನಮ್ಮ ಕಾಕಾನ ಬಟ್ಟೆ ಅಂಗಡಿ ಮುಟ್ಟಿತ್ತು. ಯಾರ ಬಾಯಿಂದ ಎಂದು ಇವತ್ತಿಗೂ ಗೊತ್ತಿಲ್ಲ. ಇದನ್ನು ಬರೆಯುವಾಗ ಆ ಭಾಗವನ್ನು ಗೊತ್ತಿರುವಂತೆ ಮೂರು ಥರ ಬರೆದೆ, ಮೂರನ್ನೂ ಹರಿದೆ.

ಕಾಕಾ ಹಾಸ್ಟೆಲಿಗೆ ಬರಲಿಲ್ಲ. ವಕೀಲರನ್ನು ಕಂಡು ಲಿಖಿತ ತಕರಾರು ಕೊಟ್ಟರು: ಹುಡುಗಿಯ ಬುದ್ಧಿ ಸ್ತಿಮಿತದಲ್ಲಿಲ್ಲ. ಜಾತಿ, ಧರ್ಮದ ತಕರಾರನ್ನು ಆ ಕಾನೂನು ಕೇಳುವುದಿಲ್ಲ, ಇದನ್ನು ಕೇಳುತ್ತದೆ. ನೋಂದಣಿ ಅಧಿಕಾರಿ ಒಪ್ಪಿಬಿಟ್ಟರೆ ಮದುವೆಯಿಲ್ಲ, ನಾನು ಮನೆಯವರ ವಶ.

ವಿಚಾರಣೆಯ ದಿನ ಕಾಕಾ ನನ್ನ ಪಕ್ಕದ ಕುರ್ಚಿಯಲ್ಲೇ ಕೂತರು. ನನಗೆ ಸೈಕಲ್ ಕಲಿಸಿದವರು.

"ತಲಿ ನೆಟ್ಟಗಿದ್ದಿದ್ರ ಈ ಕೆಲಸ ಮಾಡತಿದ್ಲೇನ್ರಿ ಸಾಹೇಬ್ರ?"

ಅತ್ತರೆ ಹುಚ್ಚು, ನಕ್ಕರೆ ಹುಚ್ಚು, ಧ್ವನಿ ಏರಿಸಿದರೂ ಹುಚ್ಚು. ಅಧಿಕಾರಿ ಕೇಳಿದ್ದಕ್ಕೆಲ್ಲ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟೆ.

"ಸ್ವಂತ ಮನಸಿಂದ ಒಪ್ಪೀಯೇನವಾ?"

"ಹೌದ್ರಿ."

ಆಗ ಕಾಕಾ ಅಳತೊಡಗಿದರು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಎಲ್ಲರೆದುರು. ಗುಮಾಸ್ತ ಅವರಿಗೆ ನೀರು ತಂದುಕೊಟ್ಟ.

ಅಧಿಕಾರಿ ತಕರಾರು ತಳ್ಳಿಹಾಕಿ ಮದುವೆಗೆ ದಿನ ಕೊಟ್ಟರು. ಕಿಟಕಿಯಾಚೆ, ಗೇಟಿನ ಹತ್ತಿರ, ಕಾಕಾನ ಜೀಪಿನಲ್ಲಿ ನನ್ನ ಅಣ್ಣಂದಿರು ಕೂತಿದ್ದರು. ಮೂವರೋ ನಾಲ್ವರೋ, ಎಣಿಸಲಿಲ್ಲ. ಹಿಂದಿನ ಬಾಗಿಲು ಎಲ್ಲಿದೆ ಎಂದು ಗುಮಾಸ್ತನನ್ನು ಕೇಳಿದೆ, ಧ್ವನಿ ನಡುಗದಂತೆ, ತುಂಬ ಮರ್ಯಾದೆಯಿಂದ.