ಹಿಂದೆ ನಿಂತು ಆಡಿದವಳ ಅಪ್ಪ

ಪುರ್ವೊಕೆರ್ತೊ ಊರಿನ ಬ್ಯಾಡ್ಮಿಂಟನ್ ಹಾಲಿನ ಗೋಡೆಗೆ ಆತುಕೊಂಡಿದ್ದ ಸಣ್ಣ ಅಂಗಡಿಯಲ್ಲಿ ತಾರ್ಸೊನೊ ಇಪ್ಪತ್ತೆಂಟು ವರ್ಷದಿಂದ ರಾಕೆಟ್ಟುಗಳಿಗೆ ಗಟ್, ಅಂದರೆ ಬಲೆಯ ದಾರ, ಹಾಕುತ್ತಿದ್ದ. ಹುಡುಗನಾಗಿದ್ದಾಗ ಅವನೂ ಚೆನ್ನಾಗಿ ಆಡುತ್ತಿದ್ದ. ಪ್ರಾಂತ್ಯದ ತಂಡದವರೆಗೆ ಹೋಗಿ, ಅಲ್ಲಿ ಮೊಣಕಾಲು ಕೈಕೊಟ್ಟು, ಕುಂಟುತ್ತ ಮನೆಗೆ ಬಂದಿದ್ದ. ಆಮೇಲೆ ಆಟದ ಹತ್ತಿರವೇ ಇರಲು ಸಿಕ್ಕ ದಾರಿ ಇದೊಂದೇ. ಗಟ್ಟನ್ನು ಬೆರಳಲ್ಲಿ ಮೀಟಿ, ಸದ್ದು ಕೇಳಿಯೇ ಬಿಗಿ ಸಾಕೋ ಸಾಲದೋ ಹೇಳಬಲ್ಲವನಾಗಿದ್ದ. ಮಾತು ಮಾತ್ರ ಕಮ್ಮಿ.

ಮಾತಿಗೆ ಅಂಗಡಿಯ ಮುಂದಿನ ಬೆಂಚು ಇತ್ತು. ಸಂಜೆಯ ಪ್ರಾರ್ಥನೆಗೆ ಇನ್ನೂ ಹೊತ್ತಿದೆ ಎನ್ನುವಾಗ ಬೈಕ್ ಬಾಡಿಗೆ ಓಡಿಸುವ ರುಸ್ಮಿನ್ ಬಂದು ಕೂರುತ್ತಿದ್ದ. ನಿವೃತ್ತ ಡ್ರಿಲ್ ಮೇಷ್ಟ್ರು ಸುದಿರ್ಜೊ ಆಗಲೇ ಅಲ್ಲಿರುತ್ತಿದ್ದರು. ಪಕ್ಕದಲ್ಲಿ ಬು ವಾರ್ತಿ ಮೆಂಡೊವಾನ್ ಎಂಬ ಮೆತ್ತನೆಯ ಬಜ್ಜಿ ಕರಿಯುತ್ತಿದ್ದಳು. ಮೂವರ ಜಗಳ ಒಂದೇ: ದೇಶದಲ್ಲಿ ಎಲ್ಲರಿಗಿಂತ ಹೆಸರುವಾಸಿ ಆಟಗಾರ ಯಾರು, ಯಾರ ಮುಖಕ್ಕೆ ಮಾರ್ಕೆಟ್ ಜಾಸ್ತಿ.

"ಏಯ್ ರುಸ್ಮಿನ್, ನಿನ್ನ ಫುಟ್‌ಬಾಲ್‌ನೋರು ಕಪ್ ಗೆದ್ದಿದ್ದು ಯಾವಾಗ ಹೇಳು? ನಿನ್ನ ಮದುವೆಗೆ ಮುಂಚೆನೋ, ಆಮೇಲೋ?" ಎಂದು ಮೇಷ್ಟ್ರು ಶುರು ಮಾಡುತ್ತಿದ್ದರು.

"ಗೆಲ್ಲೋದು ಯಾಕ್ ಬೇಕು ಮೇಷ್ಟ್ರೇ? ಶಾಂಪೂ ಮಾರ್ತಿರೋದು ಯಾರು, ಬ್ರೆಡ್ ಪ್ಯಾಕೆಟ್ ಮೇಲೆ ನಗ್ತಿರೋದು ಯಾರು? ಅವರೇ! ನಿಮ್ಮ ಬ್ಯಾಡ್ಮಿಂಟನ್‌ನೋರು ಪದಕ ಹಾಕ್ಕೊಂಡು ಬಂದ್ರೆ ಬಸ್ ಸ್ಟ್ಯಾಂಡಲ್ಲಿ ಸೀಟೂ ಬಿಡಲ್ಲ ಯಾರೂ."

"ಬಾವುಟ ಮೇಲೇರಿಸಿದ್ದು ಯಾರು? ಅದನ್ನ ಹೇಳು."

"ಬಾವುಟ ಏರಿಸಿದೋರನ್ನ ಪೇಟೇಲಿ ಯಾರು ಕೇಳ್ತಾರೆ?"

ಬು ವಾರ್ತಿ ಬಾಣಲೆಯಿಂದ ಕಣ್ಣೆತ್ತದೆ, "ಸುಮ್ನಿರ್ರೋ ಇಬ್ರೂ. ನನ್ನ ಸೊಸೆ ತಲೆಕೂದಲು ಕತ್ತರಿಸ್ಕೊಂಡಿರೋದು ಟಿ.ವಿ.ಲಿ ಬರೋ ಆ ವಾಲಿಬಾಲ್ ಹುಡುಗಿ ಥರ. ಅದೇ ಮಾರ್ಕೆಟ್ಟು" ಎಂದು ತೀರ್ಪು ಕೊಡುತ್ತಿದ್ದಳು.

ತಾರ್ಸೊನೊ ಒಳಗೆ ಕೂತು ನಗುತ್ತಿದ್ದ. ಆ ಜಗಳ ಅವನಿಗೆ ರೇಡಿಯೊ ಇದ್ದಂತೆ, ಕೈ ಕೆಲಸ ಮಾಡುತ್ತಿದ್ದರೆ ಕಿವಿಗೊಂದು ಸದ್ದು. ಅದು ಒಂದು ದಿನ ತನ್ನ ಮನೆಯ ಹೊಸ್ತಿಲು ದಾಟೀತು ಎಂದು ಅವನು ಎಣಿಸಿರಲಿಲ್ಲ.

ಅವನಿಗೊಬ್ಬಳೇ ಮಗಳು, ವೆನಿಂಗ್. ಅಪ್ಪನಂತೆಯೇ ಮಾತು ಕಮ್ಮಿ, ಅಗಲ ಭುಜ. ಹದಿಮೂರಕ್ಕೇ ಜಕಾರ್ತದ ತರಬೇತಿ ಕೇಂದ್ರದವರು ಕರೆದುಕೊಂಡು ಹೋದರು. ಹದಿನಾರಕ್ಕೆ ಸುರಬಾಯದ ಮೇಲಿಂಡಾ ಎಂಬ ಹುಡುಗಿಯ ಜೊತೆ ಜೋಡಿ ಮಾಡಿದರು. ಮೇಲಿಂಡಾ ನೆಟ್ ಹತ್ತಿರ, ವೆನಿಂಗ್ ಹಿಂದೆ. ಮೇಲಿಂಡಾ ಮಿಂಚಿನ ಹಾಗೆ ಹಾರಿ ಶಟಲ್ಲನ್ನು ಕೆಳಗೆ ತಟ್ಟುವಳು, ಗೆದ್ದರೆ ಕೂಗುವಳು, ಬಿದ್ದರೆ ನಗುವಳು. ಅವಳಿಗೆ ಹಾಗೆ ತಟ್ಟಲು ಸುಲಭವಾಗುವಂತೆ ಹಿಂದಿನ ಎರಡು ಮೂಲೆಗೂ ಓಡಿ ಓಡಿ ಹೊಡೆಯುವುದು ವೆನಿಂಗ್ ಕೆಲಸ. ಟಿ.ವಿ.ಯಲ್ಲಿ ನೋಡುವವರಿಗೆ ಮುಂದಿನವಳ ಮುಖ ಕಾಣುತ್ತಿತ್ತು, ಹಿಂದಿನವಳ ರಾಕೆಟ್ಟಿನ ತುದಿ ಕಾಣುತ್ತಿತ್ತು. ಇಬ್ಬರ ರಾಕೆಟ್ಟಿಗೂ ಗಟ್ ಹಾಕಿ ಕಳಿಸುತ್ತಿದ್ದವನು ತಾರ್ಸೊನೊ. ಬೇರೆಯವರ ಕೈಯ ಬಿಗಿ ಮೇಲಿಂಡಾಗೂ ಹಿಡಿಸುತ್ತಿರಲಿಲ್ಲ.

ಇಪ್ಪತ್ತೊಂದಕ್ಕೆ ಇಬ್ಬರೂ ಬ್ಯಾಂಕಾಕ್‌ನಲ್ಲಿ ದೊಡ್ಡ ಪಂದ್ಯಾವಳಿ ಗೆದ್ದರು. ಊರು ವೆನಿಂಗ್‌ಳನ್ನು ತೆರೆದ ವ್ಯಾನಿನಲ್ಲಿ ನಿಲ್ಲಿಸಿ ಚೌಕದ ಸುತ್ತ ಮೆರೆಸಿತು. ತಾಯಿ ಖೊತಿಮಾ ಎರಡು ದಿನ ಮನೆಬಾಗಿಲು ಮುಚ್ಚಲಿಲ್ಲ, ಬಂದವರಿಗೆಲ್ಲ ಸಿಹಿ ಚಹಾ. ಬೆಂಚಿನ ಮೇಲೆ ಮೇಷ್ಟ್ರು ಎದೆ ಉಬ್ಬಿಸಿ ಕೂತರು.

"ಈಗ ಹೇಳೋ ರುಸ್ಮಿನ್. ನಮ್ಮ ಹುಡುಗೀರಿಗೆ ಮಾರ್ಕೆಟ್ ಇಲ್ವಾ?"

"ಇದೆ ಮೇಷ್ಟ್ರೇ, ಇಲ್ಲ ಅಂದೋರ್ಯಾರು. ಆದ್ರೆ ಯಾವ ಹುಡುಗಿಗೆ?" ಎಂದ ರುಸ್ಮಿನ್. ಅಂದ ಮೇಲೆ ಒಳಗೆ ಕೂತಿದ್ದವನ ನೆನಪಾಗಿ ನಾಲಿಗೆ ಕಚ್ಚಿಕೊಂಡ. "ಪಾಕ್ ತಾರ್ಸೊನೊ, ತಪ್ಪು ತಿಳ್ಕೋಬೇಡಿ, ಸುಮ್ನೆ ಮಾತಿಗಂದೆ."

ತಾರ್ಸೊನೊ ಆಗಲೂ ನಕ್ಕ.

ಉತ್ತರ ಎರಡು ತಿಂಗಳಲ್ಲಿ ಬಂತು. ರೈಲ್ವೆ ಸ್ಟೇಷನ್ನಿನ ತಿರುವಿನಲ್ಲಿ ತಂಪು ಚಹಾದ ದೊಡ್ಡ ಜಾಹೀರಾತು ಎದ್ದು ನಿಂತಿತು. ಅದರಲ್ಲಿ ಮೇಲಿಂಡಾ ಒಬ್ಬಳೇ, ಬಾಟಲಿ ಹಿಡಿದು ನಗುತ್ತಿದ್ದಳು. ತಾರ್ಸೊನೊ ಸೈಕಲ್ ನಿಲ್ಲಿಸಿ ನೋಡಿದ. ಅದು ಬ್ಯಾಂಕಾಕ್‌ನಲ್ಲಿ ತೆಗೆದ ಚಿತ್ರ, ಕೈಯಲ್ಲಿದ್ದ ಕಪ್ಪಿನ ಜಾಗಕ್ಕೆ ಬಾಟಲಿ ಸೇರಿಸಿದ್ದಾರೆ ಎಂದು ಗೊತ್ತಾಯಿತು. ಮೇಲಿಂಡಾಳ ಎಡಭುಜದ ಮೇಲೆ ನಾಲ್ಕು ಬೆರಳು ಉಳಿದಿದ್ದವು. ಪಕ್ಕದಲ್ಲಿ ನಿಂತವಳನ್ನು ಕತ್ತರಿಸಿದವರಿಗೆ ಬೆರಳು ಕಂಡಿರಲಿಲ್ಲ. ಕಿರುಬೆರಳು ಸ್ವಲ್ಪ ಸೊಟ್ಟ. ಹದಿನಾಲ್ಕನೇ ವಯಸ್ಸಿನಲ್ಲಿ ವೆನಿಂಗ್ ಬಿದ್ದು ಮುರಿದುಕೊಂಡು, ಆಟ ನಿಲ್ಲಿಸುತ್ತಾರೇನೋ ಎಂಬ ಹೆದರಿಕೆಗೆ ಯಾರಿಗೂ ಹೇಳದೆ ಆಡಿದ್ದ ಬೆರಳು ಅದು. ಅವನು ಎಷ್ಟು ಹೊತ್ತು ನಿಂತಿದ್ದನೋ, ಹಿಂದಿನಿಂದ ಆಟೋದವನು ಹಾರ್ನ್ ಹೊಡೆದ. ಮನೆಗೆ ಬಂದು ಹೆಂಡತಿಗೆ ಹೇಳಲಿಲ್ಲ. ಅವಳೂ ನೋಡಿ ಬಂದಿದ್ದಳು, ಅವಳೂ ಹೇಳಲಿಲ್ಲ.

ರಂಜಾನ್ ಹಬ್ಬದ ರಜೆಗೆ ವೆನಿಂಗ್ ಬಂದಾಗ ಮೇಲಿಂಡಾಳೂ ಜೊತೆಗೆ ಬಂದಳು. ಸುದ್ದಿ ಹರಡಿದ್ದೇ ತಡ, ಓಣಿ ತುಂಬ ಜನ. ಹೊಸ ಬಟ್ಟೆ ಹಾಕಿದ್ದ ಹೆಂಗಸೊಬ್ಬಳು ಮೇಲಿಂಡಾಳ ಪಕ್ಕ ಒತ್ತಿ ನಿಂತು, ತನ್ನ ಫೋನನ್ನು ವೆನಿಂಗ್ ಕೈಗೆ ಕೊಟ್ಟಳು.

"ಅಕ್ಕಾ, ಒಂದ್ ಫೋಟೊ ತೆಗೀರಿ. ಕಾಲೂ ಬರೋ ಹಾಗೆ."

ವೆನಿಂಗ್ ತೆಗೆದಳು. ಎರಡು ತೆಗೆದಳು, ಮೊದಲನೆಯದರಲ್ಲಿ ಆ ಹೆಂಗಸಿನ ಕಣ್ಣು ಮುಚ್ಚಿಹೋಗಿತ್ತೆಂದು. ಬಾಗಿಲಲ್ಲಿ ನಿಂತಿದ್ದ ತಾರ್ಸೊನೊ, "ಏನಮ್ಮಾ, ಇವಳೂ..." ಎಂದು ಬಾಯಿ ತೆರೆದ. ಮಗಳು ತಲೆ ಅಲ್ಲಾಡಿಸಿದ್ದು ನೋಡಿ ಮುಚ್ಚಿದ.

ಜನ ಕರಗಿದ ಮೇಲೆ ಮೇಲಿಂಡಾ ಅಡುಗೆಮನೆಯ ಚಾಪೆಯ ಮೇಲೆ ಕೂತು ಅತ್ತಳು. "ಪಾಕ್, ಜಾಹೀರಾತಿನೋರಿಗೆ ನಾನು ಇಬ್ರನ್ನೂ ಹಾಕಿ ಅಂದೆ. ಒಬ್ಬರಿಗೆ ಮಾತ್ರ ಜಾಗ ಅಂದ್ರು. ಹಾಗಾದ್ರೆ ನಾನೂ ಬೇಡ ಅಂದೆ. ಸರಿ, ವಾಲಿಬಾಲ್ ಹುಡುಗೀನ ಕರೀತೀವಿ ಅಂದ್ರು. ನಮ್ಮಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸ್ಬೇಕು. ನಾನೇನ್ ಮಾಡ್ಲಿ ಹೇಳಿ?"

ತಾರ್ಸೊನೊನಿಗೆ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಎಷ್ಟೋ ದಿನದಿಂದ ಆಸೆಯಿತ್ತು. ಈಗ ಅದೂ ಕೈತಪ್ಪಿತು. "ಊಟ ಮಾಡಮ್ಮ. ಕೋಳಿ ಸಾರು ಆರಿಹೋಗ್ತಿದೆ" ಎಂದಷ್ಟೇ ಹೇಳಿದ.

ರಜೆ ಮುಗಿಸಿ ಹುಡುಗಿಯರಿಬ್ಬರೂ ಹೋದ ಮೇಲೆ ಅವನು ಒಂದು ಕೆಲಸ ಮಾಡಿದ. ಮುದ್ರಣದವನ ಬಳಿ ಹೋಗಿ ಮೂವತ್ತು ಟೀ ಶರ್ಟುಗಳ ಮೇಲೆ ವೆನಿಂಗ್ ಮುಖ ಅಚ್ಚು ಹಾಕಿಸಿದ. ಅವಳು ಒಬ್ಬಳೇ ಇದ್ದ ಒಳ್ಳೆಯ ಫೋಟೊ ಸಿಗಲಿಲ್ಲ; ಕೇಂದ್ರಕ್ಕೆ ಸೇರುವಾಗ ತೆಗೆಸಿದ ಗುರುತುಚೀಟಿಯ ಚಿತ್ರ ಕೊಟ್ಟ. ಅಂಗಡಿಯ ಮುಂದೆ ಸಾಲಾಗಿ ತೂಗುಹಾಕಿದ. ಮೇಷ್ಟ್ರು ಒಂದು ಕೊಂಡರು. ರುಸ್ಮಿನ್ ಒಂದು ಕೊಂಡು, ಅಲ್ಲೇ ಅಂಗಿಯ ಮೇಲೆಯೇ ಹಾಕಿಕೊಂಡ. ಬು ವಾರ್ತಿ ಸೊಸೆಗೆಂದು ಒಂದು ತೆಗೆದುಕೊಂಡಳು. ಆಡಲು ಬರುವ ಮಕ್ಕಳು ಮುಟ್ಟಿ ನೋಡಿ, "ಪಾಕ್, ಮೇಲಿಂಡಾದು ಇಲ್ವಾ?" ಎಂದು ಕೇಳುತ್ತಿದ್ದರು.

"ಇಲ್ಲಪ್ಪ."

"ಯಾವಾಗ ಬರುತ್ತೆ?"

ಮಳೆಗಾಲ ಬರುವ ಹೊತ್ತಿಗೆ ಇಪ್ಪತ್ತೇಳು ಶರ್ಟು ಹಾಗೇ ಇದ್ದವು, ಮುಂದೆ ತೂಗಿದ್ದವು ಬಿಸಿಲಿಗೆ ಮಾಸಿದ್ದವು.

ಆ ವರ್ಷವೇ ಕೇಂದ್ರದವರು ಮೇಲಿಂಡಾಳನ್ನು ಮಿಶ್ರ ಜೋಡಿಗೆ ಹಾಕಿದರು. ಜೊತೆಗಾರ ಎತ್ತರದ, ಚೆಲುವಾದ ಹುಡುಗ. ಇಬ್ಬರನ್ನೂ ಒಟ್ಟಿಗೆ ನೋಡಲು ಜನ ಟಿಕೆಟ್ ಕೊಳ್ಳುತ್ತಾರೆ ಎಂಬ ಲೆಕ್ಕ. ವೆನಿಂಗ್‌ಗೆ ಹೊಸ ಜೋಡಿ ಹುಡುಕುತ್ತೇವೆ ಎಂದರು. ಒಬ್ಬಳು ಬಂದಳು, ಗಾಯವಾಗಿ ಹೋದಳು. ಇನ್ನೊಬ್ಬಳು ಬರಲೇ ಇಲ್ಲ. ತಾರ್ಸೊನೊ ಬಸ್ ಹತ್ತಿ ಜಕಾರ್ತಕ್ಕೆ ಹೋದ. ಕಚೇರಿಯ ಮೇಡಂ ಅವನನ್ನು ಗೌರವದಿಂದಲೇ ಕೂರಿಸಿ, ಚಹಾ ತರಿಸಿ, "ಪಾಕ್, ನಿಮ್ಮ ಮಗಳ ಆಟದಲ್ಲಿ ಕೊರತೆ ಇದೆ ಅಂತ ನಾವ್ಯಾರೂ ಹೇಳಿಲ್ಲ" ಎಂದಳು. ಕೊರತೆ ಇದ್ದಿದ್ದರೆ ತಿದ್ದಬಹುದಿತ್ತು. ಅವನು ಚಹಾ ಕುಡಿದು, ಧನ್ಯವಾದ ಹೇಳಿ ಬಂದುಬಿಟ್ಟ. ದಾರಿಯುದ್ದಕ್ಕೂ ಆ ಧನ್ಯವಾದಕ್ಕೆ ತನ್ನನ್ನೇ ಬೈದುಕೊಂಡ.

ಇಪ್ಪತ್ತಮೂರಕ್ಕೆ ವೆನಿಂಗ್ ಎರಡು ಚೀಲದೊಂದಿಗೆ ಊರಿಗೆ ಬಂದಳು. ಅಂಗಡಿಯ ಮುಂದೆ ಇಳಿದವಳೇ ಶರ್ಟುಗಳನ್ನು ನೋಡಿದಳು.

"ಅಪ್ಪಾ, ಇದ್ಯಾರು?"

"ನೀನೇ ಕಣಮ್ಮ."

"ನನ್ನ ಥರ ಇಲ್ಲ. ಪರೀಕ್ಷೇಲಿ ಫೇಲಾದೋಳ ಥರ ಇದೆ," ಎಂದು ನಕ್ಕಳು. ಆಮೇಲೆ ಒಂದೊಂದಾಗಿ ಇಳಿಸಿ, ಮಡಿಸಿ, ಒಳಗಿಟ್ಟಳು. ಮುಂದಿನ ವಾರದಿಂದ ಅವಳು ಅದೇ ಬ್ಯಾಡ್ಮಿಂಟನ್ ಹಾಲ್‌ನಲ್ಲಿ ಮಕ್ಕಳಿಗೆ ಕಲಿಸತೊಡಗಿದಳು.

ಒಂದು ಭಾನುವಾರ ಮಧ್ಯಾಹ್ನ ಮೇಲಿಂಡಾಳ ಫೈನಲ್ ಇತ್ತು. ಬು ವಾರ್ತಿಯ ಟಿ.ವಿ.ಯನ್ನು ಅಂಗಡಿಗೆ ತಂದಿಟ್ಟರು. ಬೆಂಚಿನಲ್ಲಿ ಮೇಷ್ಟ್ರು, ರುಸ್ಮಿನ್, ತುದಿಯಲ್ಲಿ ವೆನಿಂಗ್. ಆಟ ಶುರುವಾಗುವ ಮುಂಚೆ ರುಸ್ಮಿನ್ ತಡೆಯಲಾರದೆ ಕೇಳಿಯೇಬಿಟ್ಟ.

"ನೀನು ಒಳಗಿದ್ದು ಬಂದೋಳು ತಾಯಿ, ನೀನೇ ಹೇಳಿಬಿಡು. ಇವತ್ತಿನ ದಿನ ಎಲ್ಲರಿಗಿಂತ ದೊಡ್ಡ ಹೆಸರು ಯಾರದ್ದು?"

"ಮೇಲಿಂಡಾದೇ ಅಣ್ಣ. ಅದರಲ್ಲಿ ಮಾತೇ ಇಲ್ಲ," ಎಂದಳು ವೆನಿಂಗ್.

ಮೇಷ್ಟ್ರು ಕೆಮ್ಮಿದರು. ಎದ್ದು ಟಿ.ವಿ.ಯ ಸದ್ದು ಏರಿಸಿದರು.

ಆಟ ಮೂರನೇ ಸೆಟ್ಟಿಗೆ ಹೋಯಿತು. ಮೇಲಿಂಡಾ ನೆಟ್ಟಿನತ್ತ ನುಗ್ಗಿದಾಗ ಎದುರಾಳಿ ಅವಳ ತಲೆಯ ಮೇಲಿಂದ ಹಿಂದಿನ ಎಡಮೂಲೆಗೆ ಎತ್ತಿ ಹೊಡೆದ. ಚೆಲುವ ಹುಡುಗ ಒಂದು ಹೆಜ್ಜೆ ತಡವಾಗಿ ಹೊರಟ. ಗಟ್ ಬಿಗಿಯುವ ಯಂತ್ರದ ಹಿಂದೆ ಕೂತಿದ್ದ ತಾರ್ಸೊನೊ ಟಿ.ವಿ.ಯನ್ನು ನೋಡುತ್ತಿರಲಿಲ್ಲ. ಅವನ ಕಣ್ಣು ಬೆಂಚಿನ ಕೆಳಗಿತ್ತು. ಚಪ್ಪಲಿ ಕಳಚಿಟ್ಟಿದ್ದ ಮಗಳ ಎಡಗಾಲು, ಹುಡುಗ ಹೊರಡುವ ಮೊದಲೇ, ಹಿಂದಕ್ಕೆ ಒಂದು ಹೆಜ್ಜೆ ಜಾರಿ, ಬೆಂಚಿನ ಕಾಲಿಗೆ ತಗುಲಿ ನಿಂತಿತು. ಅವಳಿಗದು ಗೊತ್ತಾದಂತೆ ಕಾಣಲಿಲ್ಲ.

ಕೊನೆಗೆ ಮೇಲಿಂಡಾಳೇ ಗೆದ್ದಳು. ರುಸ್ಮಿನ್ ಎದ್ದು ಕುಣಿದ. ವೆನಿಂಗ್ ಚಪ್ಪಾಳೆ ತಟ್ಟಿದಳು, ಮನಸಾರೆ ತಟ್ಟಿದಳು. ಅವಳ ಅಪ್ಪ ಕೈಯಲ್ಲಿದ್ದ ಗಟ್ಟನ್ನು ಬಿಗಿಯುವುದೋ ಬಿಡುವುದೋ ತಿಳಿಯದೆ ಹಿಡಿದುಕೊಂಡೇ ಕೂತಿದ್ದ.